ಏಕಾದಶಿಯ ಬೆಕ್ಕು

ಇವತ್ತು ಮಾಡಿದ ಕೆಲಸ: ಬೆಳಿಗ್ಗೆ ನಲ್ಲಿ ಬಂದಿತ್ತು, ಹಂಡೆ, ಡ್ರಮ್ಮು, ಕೊಡ ಎಲ್ಲ ತುಂಬಿಟ್ಟೆ. ಅಂಗಳ ತೊಳೆದು ರಂಗೋಲಿ ಹಾಕಿದೆ. ತುಳಸಿಗೆ ನೀರು ಹಾಕಿದೆ. ಅತ್ತೆಯವರ ಮಡಿ ಸೀರೆ ಒಗೆದು, ಯಾರ ಮೈಗೂ ತಾಗದ ಹಾಗೆ ಕೋಲಿನಿಂದ ಮೇಲಿನ ಗಳಕ್ಕೆ ಏರಿಸಿದೆ. ಅವರಿಗೆ ಅವಲಕ್ಕಿ ತೊಳೆದು ಮೊಸರಿನಲ್ಲಿ ಕಲಸಿ ಕೊಟ್ಟೆ. ಬೆಕ್ಕಿನ ಬಟ್ಟಲು ತಿಕ್ಕಿದೆ. ಮಧ್ಯಾಹ್ನ ಬಿಸಿಗಾಳಿ ಒಳಗೆ ಬಾರದಂತೆ ಹಿತ್ತಲ ಬಾಗಿಲಿನ ಸಂದಿಗೆ ಹಳೆಯ ಲುಂಗಿ ತುರುಕಿದೆ. ಮೆಂತ್ಯದ ಸೊಪ್ಪು ಬಿಡಿಸಿದೆ, ನಾಳೆಯ ಅಡಿಗೆಗೆ. ಸಂಜೆ ಒಂದು ಹಿಡಿ ಅಕ್ಕಿ ತೊಳೆದು ನೆನೆಯಲು ಇಟ್ಟೆ.

ಇವತ್ತು ಏಕಾದಶಿ. ಈ ಮನೆಯಲ್ಲಿ ಏಕಾದಶಿಯ ದಿನ ಅಕ್ಕಿ ಡಬ್ಬಿಯ ಮುಚ್ಚಳ ತೆಗೆದವರು ಇವತ್ತಿನ ತನಕ ಯಾರೂ ಇರಲಿಲ್ಲ.

ಮಗಳು ಮದುವೆಯಾಗಿ ಹೋದ ಮೇಲೆ ರಾಯಚೂರಿನ ಈ ಮನೆಯಲ್ಲಿ ಉಳಿದವರು ಮೂವರು: ಅತ್ತೆ, ನನ್ನ ಗಂಡ, ನಾನು. ಗಂಡ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರು. ಅತ್ತೆಯವರಿಗೆ ಎಂಬತ್ತು ದಾಟಿದೆ. ಮಾನ್ವಿಯಲ್ಲಿ ಗುಡಿಯ ಪೂಜೆ ಮಾಡುವ ಮನೆತನ ನಮ್ಮದು; ಗಂಡನ ಅಣ್ಣ, ಅಂದರೆ ನನ್ನ ಭಾವ, ಈಗಲೂ ಅಲ್ಲೇ ಪೂಜೆ ನೋಡಿಕೊಂಡಿದ್ದಾರೆ. ಹಾಗಾಗಿ ಮಡಿ, ಉಪವಾಸ, ಪಾರಣೆ ಎಲ್ಲವೂ ಮಾನ್ವಿಯಿಂದ ರಾಯಚೂರಿಗೆ ಸಾಮಾನಿನ ಜೊತೆಗೇ ಬಂದವು.

ಉಪವಾಸದಲ್ಲಿ ವಯಸ್ಸಾದವರಿಗೆ ವಿನಾಯಿತಿ ಇದೆ. ಅತ್ತೆಯವರು ಎರಡು ಹೊತ್ತೂ ಅವಲಕ್ಕಿ, ಹಾಲು, ಹಣ್ಣು ತೆಗೆದುಕೊಳ್ಳುತ್ತಾರೆ. ಗಂಡನಿಗೆ ಪಾಠ ಮಾಡಿ ಗಂಟಲು ಒಣಗುತ್ತದೆ ಎಂದು ಹಾಲು, ಬಾಳೆಹಣ್ಣು. ಮಗಳು ಇದ್ದಾಗ ಪರೀಕ್ಷೆ ಇದೆ ಎಂದು ಅವಳಿಗೆ ಉಪ್ಪಿಟ್ಟು. ಹೀಗೆ ಒಬ್ಬೊಬ್ಬರದೇ ಕಳೆಯುತ್ತ ಹೋಗಿ ಮನೆಯ ಪೂರ್ತಿ ಉಪವಾಸ ನನ್ನೊಬ್ಬಳ ಪಾಲಿಗೆ ಉಳಿಯಿತು. ಎಲ್ಲರಿಗೂ ಬೇರೆ ಬೇರೆ ಮಾಡಿ ಬಡಿಸಿ, ನಾನು ಬರೀ ನೀರು ಕುಡಿದು ಮಲಗುತ್ತಿದ್ದೆ. ಗಟ್ಟಿ ಇದ್ದಷ್ಟು ದಿನ ಅದು ಭಾರ ಅನ್ನಿಸಲಿಲ್ಲ.

ಆಮೇಲೆ ನನಗೆ ಸಕ್ಕರೆ ಕಾಯಿಲೆ ಬಂತು. ಡಾಕ್ಟರು ಗುಳಿಗೆ ಬರೆದುಕೊಟ್ಟು, ಬೆಳಿಗ್ಗೆ ತಪ್ಪದೆ ತಗೊಳ್ರಿ, ಹೊತ್ತಿಗೆ ಸರಿಯಾಗಿ ಊಟ ಮಾಡ್ರಿ ಎಂದರು. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಗಂಡನನ್ನು ಕೇಳಿದೆ.

"ಹೊತ್ತಿಗೆ ಸರಿಯಾಗಿ ಉಣ್ರಿ ಅಂದಾರ. ಏಕಾದಶಿಗೆ ಏನ್ ಮಾಡ್ಲಿ?"

"ಗುಳಿಗಿ ಬಿಡಬ್ಯಾಡ," ಎಂದರು. "ಗುಳಿಗಿ ಏನು ಅನ್ನ ಅಲ್ಲಲ್ಲ. ಅದನ್ನ ತಗೊಂಡ್ರ ಉಪವಾಸ ಮುರಿಯೂದಿಲ್ಲ."

ಅತ್ತೆ ಮಂಚದ ಮೇಲಿಂದಲೇ ಸೇರಿಸಿದರು: "ನಮ್ಮತ್ತಿ ಬಾಣಂತಿ ಇದ್ದಾಗೂ ಏಕಾದಶಿ ಬಿಟ್ಟಾಕಿ ಅಲ್ಲ. ಇಕಿಗೆ ಒಂದು ಗುಳಿಗಿ ಬಂತು, ಮುಗೀತು, ಊರಿಗೇ ಡಂಗುರ."

ಗುಳಿಗೆ ಅನ್ನವಲ್ಲ, ಆದ್ದರಿಂದ ಗುಳಿಗೆಯೂ ನಡೆಯಬೇಕು, ಉಪವಾಸವೂ ನಡೆಯಬೇಕು. ಶಾಸ್ತ್ರಕ್ಕೂ ಡಾಕ್ಟರಿಗೂ ಒಪ್ಪುವ ದಾರಿ ಸಿಕ್ಕಿತೆಂದು ಇಬ್ಬರಿಗೂ ಸಮಾಧಾನವಾಯಿತು. ಆ ಗುಳಿಗೆ ರಕ್ತದ ಸಕ್ಕರೆ ಇಳಿಸಲೆಂದೇ ಇರುವುದು, ಹೊಟ್ಟೆಯಲ್ಲಿ ಏನೂ ಇಲ್ಲದಿದ್ದರೂ ಅದು ತನ್ನ ಕೆಲಸ ಬಿಡುವುದಿಲ್ಲ ಎಂಬುದು ಯಾರ ತಲೆಗೂ ಹೋಗಲಿಲ್ಲ.

ಬೆಕ್ಕು ಬಂದದ್ದು ಅದಾದ ಮುಂದಿನ ಬೇಸಿಗೆಯಲ್ಲಿ. ದೇವದುರ್ಗದಲ್ಲಿ ನನ್ನ ತಂಗಿಯ ಮನೆಯಿದೆ. ಅವರ ಹಿತ್ತಲಿನಲ್ಲಿ ಬೆಕ್ಕು ಮರಿ ಹಾಕಿತ್ತು. ಬೂದಿ ಬಣ್ಣದ ಒಂದು ಮರಿಯನ್ನು ಬುಟ್ಟಿಯಲ್ಲಿ ಹಾಕಿ, ಮೇಲೆ ಒದ್ದೆ ಟವೆಲ್ ಹೊದಿಸಿ ಕೊಟ್ಟಳು. ಗಬ್ಬೂರು ದಾಟುವ ತನಕ ಬಸ್ಸಿನಲ್ಲಿ ಒಂದೇ ಸಮ ಚೀರಿತು. "ಅಕ್ಕಾರ, ಕೂಸಿಗೆ ಹಾಲರ ಕುಡಿಸ್ರಿ," ಎಂದು ಕಂಡಕ್ಟರು ನಗಾಡಿದ. ಅತ್ತೆ ಬೈಯುತ್ತಾರೆಂದು ಹೆದರಿದ್ದೆ. ಆದರೆ ಉಗ್ರಾಣದಲ್ಲಿ ಇಲಿಗಳ ಕಾಟ ಹೆಚ್ಚಾಗಿತ್ತು. "ನಾಯಿ ಮುಟ್ಟಿದ್ರ ಸ್ನಾನ ಮಾಡಬೇಕು, ಬೆಕ್ಕಿಗೆ ಮೈಲಿಗಿ ಇಲ್ಲ, ಇರ್ಲಿ ಬಿಡು," ಎಂದರು. ಮಡಿಯ ಹೊತ್ತಿನಲ್ಲಿ ಅಡಿಗೆಮನೆಯ ಒಳಗೆ ನನ್ನ ಗಂಡನಿಗೂ ಪ್ರವೇಶವಿಲ್ಲ. ಬೆಕ್ಕು ಓಡಾಡಿಕೊಂಡಿತ್ತು.

ಏಕಾದಶಿಯ ಸಂಜೆ ದೀಪ ಹಚ್ಚಿದ ಮೇಲೆ ಅತ್ತೆಯವರ ಕಾಲಿಗೆ ಎಣ್ಣೆ ತಿಕ್ಕುವುದು ನನ್ನ ರೂಢಿ. ಅವರು ಮಂಚದ ಮೇಲೆ ಕಾಲು ಚಾಚಿಕೊಂಡು ಕೂರುತ್ತಾರೆ, ನಾನು ಮಂಚದ ಬದಿಗೆ ನೆಲದ ಮೇಲೆ. ಒಂದು ಏಕಾದಶಿ ಹಾಗೆ ತಿಕ್ಕುತ್ತ ಕೂತಿದ್ದಾಗ, ಪಡಸಾಲೆಯಲ್ಲಿ ಮಲಗಿದ್ದ ಬೆಕ್ಕು ಎದ್ದು ಬಂತು. ಮಂಚದ ಹತ್ತಿರ ನಿಂತು ಮೂಗು ಎತ್ತಿ ಮೂಸಿತು. ಆಮೇಲೆ ಕೂಗತೊಡಗಿತು. ಹಸಿವಿಗೆ ಕೂಗುವ ಕೂಗಲ್ಲ, ಹೊಟ್ಟೆಯೊಳಗಿಂದ ಬರುವ, ಉದ್ದನೆಯ, ಬೇರೆಯೇ ಒಂದು ಕೂಗು.

"ಮನ್ಯಾಗ ಇವತ್ತ ಅನ್ನ ಆಗಿಲ್ಲ ಅಲಾ, ಅದಕ್ಕ ಒದರ್ತದ. ಹಾಲು ಹಾಕು," ಎಂದರು ಅತ್ತೆ.

ಹಾಲು ಹಾಕಿದೆ. ಬೆಕ್ಕು ಬಟ್ಟಲಿನ ಕಡೆ ತಿರುಗಿಯೂ ನೋಡಲಿಲ್ಲ. ಮತ್ತೆ ಬಂದು ಮಂಚದ ಪಕ್ಕ ನಿಂತು ಅದೇ ಕೂಗು. ನನ್ನ ಎಣ್ಣೆ ಕೈಯನ್ನು ಪಂಜದಿಂದ ಎಳೆಯಿತು. ಸ್ವಲ್ಪ ಹೊತ್ತಿಗೆ ನನಗೆ ಕೈ ನಡುಗಿ, ಕುತ್ತಿಗೆಯ ಹಿಂದೆ ತಣ್ಣನೆಯ ಬೆವರು ಇಳಿಯಿತು. ಸೆಖೆ ಇರಬೇಕು ಎಂದುಕೊಂಡೆ. ರಾಯಚೂರಿನಲ್ಲಿ ಬೆವರಿಗೆ ಬೇರೆ ಕಾರಣ ಹುಡುಕುವವರು ಯಾರು?

ಮುಂದಿನ ಏಕಾದಶಿಗೂ ಅದೇ ಹೊತ್ತು, ಅದೇ ಜಾಗ, ಅದೇ ಕೂಗು. ಈ ಸಲ ಅತ್ತೆಯವರ ಮುಖ ಬಾಡಿತು. ಮುದುಕರ ಮಂಚದ ಮುಂದೆ ನಿಂತು ಬೆಕ್ಕು ಅಳುವುದು ಅಂದರೇನು ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಏ, ಇದು ನನ್ನ ನೋಡಿ ಅಳಲಿಕ್ಕತ್ತದ," ಎಂದು ಮಗನನ್ನು ಕರೆದರು. "ನನಗೇನೋ ಆಗೂದದ. ಇದಕ್ಕ ತಿಳದದ."

ಮೂಕ ಪ್ರಾಣಿಗಳಿಗೆ ಒಡೆಯರ ಮೈಯೊಳಗಿನ ರೋಗ ಮೊದಲೇ ತಿಳಿಯುತ್ತದೆ ಎಂದು ನನ್ನ ಗಂಡ ಮೊಬೈಲಿನಲ್ಲಿ ಎಲ್ಲೋ ನೋಡಿದ್ದರಂತೆ. ಸ್ಟಾಫ್ ರೂಮಿನಲ್ಲಿಯೂ ಅದೇ ಮಾತು ಆಯಿತಂತೆ. ಸುದ್ದಿ ತಿಳಿದು ಮಾನ್ವಿಯಿಂದ ಭಾವ ಹೊರಟು ಬಂದರು; ಕಲ್ಲೂರು ದಾಟುತ್ತಿದ್ದಂತೆ ಫೋನು, ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಫೋನು. ಅಣ್ಣ ತಮ್ಮ ಇಬ್ಬರೂ ತಾಯಿಯನ್ನು ಆಟೋದಲ್ಲಿ ನಡುವೆ ಕೂಡಿಸಿಕೊಂಡು ದವಾಖಾನೆಗೆ ಹೊರಟರು. ನೀರಿನ ಬಾಟಲಿ, ಶಾಲು, ಹಳೆಯ ಚೀಟಿಗಳ ಚೀಲ ಹಿಡಿದುಕೊಂಡು ನಾನು ಇನ್ನೊಂದು ಆಟೋದಲ್ಲಿ. ರಕ್ತ ತೆಗೆದರು, ಎದೆಗೆ ವೈರು ಹಚ್ಚಿ ನೋಡಿದರು, ತಲೆಯ ಫೋಟೋ ತೆಗೆದರು. ಏನೂ ಇರಲಿಲ್ಲ.

"ಈ ವಯಸ್ಸಿಗೆ ಇಷ್ಟ್ ಚಂದ ರಿಪೋರ್ಟ್ ನಾ ನೋಡಿಲ್ಲ, ಅಜ್ಜಿ," ಎಂದರು ಡಾಕ್ಟರು.

ಗೋಡೆಗೆ ಒರಗಿ ನಿಂತಿದ್ದ ನನಗೆ ಅಲ್ಲಿ ಯಾರೂ ಕೂತುಕೋ ಎನ್ನಲಿಲ್ಲ. ಕುರ್ಚಿಯ ಮೇಲೆ ಶಾಲು ಇತ್ತು.

ಆದರೆ ಆ ಹೊತ್ತಿಗೆ ನನಗೆ ತಿಳಿದಿತ್ತು. ದವಾಖಾನೆಗೆ ಹೋಗುವ ಮೊದಲಿನ ಬುಧವಾರ, ಏಕಾದಶಿಯಲ್ಲ ಏನಲ್ಲ, ದೇವದುರ್ಗದಿಂದ ತಂಗಿ ಬಂದಿದ್ದಳು. ಅವಳನ್ನು ಬಸ್ಸಿಗೆ ಹತ್ತಿಸಿ ಬರುವುದರಲ್ಲಿ ಊಟದ ಹೊತ್ತು ಮೀರಿತ್ತು. ಅತ್ತೆ ಒಳಗಿನ ಕೋಣೆಯಲ್ಲಿ ನಿದ್ದೆ ಮಾಡುತ್ತಿದ್ದರು. ನಾನು ಹಿತ್ತಲಿನ ಕಟ್ಟೆಯ ಮೇಲೆ ಒಬ್ಬಳೇ ಕೂತಿದ್ದೆ. ಬೆಕ್ಕು ಅಲ್ಲಿಗೆ ಬಂದು ನನ್ನ ಬಾಯಿಯ ಹತ್ತಿರ ಮೂಗು ತಂದು ಮೂಸಿತು, ಮಣಿಕಟ್ಟನ್ನು ಹಲ್ಲಿನಲ್ಲಿ ಮೆಲ್ಲಗೆ ಹಿಡಿದು, ಬಿಟ್ಟು, ಅದೇ ಕೂಗು ಕೂಗಿತು. ಹತ್ತಿರದಲ್ಲಿ ಮಂಚ ಇರಲಿಲ್ಲ, ಅತ್ತೆ ಇರಲಿಲ್ಲ. ನಾನಿದ್ದೆ. ಕೈ ನಡುಗತೊಡಗಿದ್ದು ಆಮೇಲೆ. ಒಳಗೆ ಹೋಗಿ ಎರಡು ತುತ್ತು ಉಂಡೆ. ನಡುಕ ನಿಂತಿತು, ಬೆಕ್ಕೂ ಸುಮ್ಮನಾಯಿತು.

ಅವತ್ತು ಸಂಜೆಯೇ ಗಂಡನಿಗೆ ಹೇಳಿದೆ. "ಬೆಕ್ಕು ಅತ್ತ್ಯಾರ್ನ ನೋಡಿ ಒದರೂದಿಲ್ರಿ. ನನ್ನ ನೋಡಿ ಒದರ್ತದ. ಹೊಟ್ಟಿ ಖಾಲಿ ಇದ್ದಾಗ ನನಗ ಸಕ್ಕರಿ ಇಳೀತದ, ಅದಕ್ಕ ಗೊತ್ತಾಗ್ತದ."

ಪತ್ರಿಕೆಯಿಂದ ತಲೆ ಎತ್ತದೆ ನಕ್ಕರು. "ನಿನಗೇನಾಗ್ಯದ? ಗುಂಡಕಲ್ಲಿನ ಹಂಗ ಗಟ್ಟಿ ಇದ್ದಿ."

ಅತ್ತೆಯವರಿಗೆ ಕಿವಿ ಚುರುಕು. "ಬೆಕ್ಕಿನ ಕಾಳಜಿನೂ ತನಗ ಬೇಕಾಗ್ಯದ ಇಕಿಗೆ," ಎಂದರು. "ನಾ ಸಾಯೂದ್ರಾಗೂ ಪಾಲು ಕೇಳ್ತಾಳ."

ಹಾಗಾದರೆ ಏಕಾದಶಿ ಯಾಕೆ ಬಿಡಲಿಲ್ಲ, ಸುಮ್ಮನೆ ಉಂಡುಬಿಡಬೇಕಿತ್ತು ಎನ್ನುವವರು ಇದ್ದಾರೆ. ಅವರು ಇಂಥ ಮನೆಯ ಅಡಿಗೆಮನೆ ನೋಡಿದವರಲ್ಲ. ಏಕಾದಶಿಯ ದಿನ ಒಲೆಯ ಮೇಲೆ ಏರುವ ಪ್ರತಿ ಪಾತ್ರೆಯ ಸದ್ದೂ ಮಂಚಕ್ಕೆ ಕೇಳುತ್ತದೆ. ಅನ್ನ ಕುದಿಯುವ ವಾಸನೆ ಇನ್ಯಾವ ವಾಸನೆಯಂತೆಯೂ ಇರುವುದಿಲ್ಲ. ಒಂದು ತುಂಡು ಬೆಲ್ಲ ಬಾಯಿಗೆ ಹಾಕಿಕೊಂಡರೂ "ಏನ್ ತಿನ್ಲಿಕ್ಕತ್ತಿ?" ಎಂಬ ಪ್ರಶ್ನೆ ಬರುತ್ತದೆ. ಕೇಳಿ ತಿನ್ನಬೇಕು, ಕೇಳಿದರೆ ಸಿಗುವುದಿಲ್ಲ. ಸೊಸೆಯಾಗಿ ಬಂದು ಇಷ್ಟು ವರ್ಷವಾದ ಮೇಲೂ ಕದ್ದು ತಿನ್ನಲು ನನಗೆ ಮನಸ್ಸಾಗಲಿಲ್ಲ. ಕದಿಯುವಂಥದ್ದು ಏನಿತ್ತು ಅದರಲ್ಲಿ?

ಬೆಕ್ಕು ಅತ್ತಾಗಲೆಲ್ಲ ತಾಯಿ ಹೆದರುತ್ತಾಳೆಂದು ನನ್ನ ಗಂಡ ಒಂದು ಉಪಾಯ ಮಾಡಿದರು. ಏಕಾದಶಿಯ ಸಂಜೆ ಬೆಕ್ಕನ್ನು ಹಿಡಿದು ಉಗ್ರಾಣಕ್ಕೆ ಹಾಕಿ ಚಿಲಕ ಹಾಕುವುದು. ಮಠದಲ್ಲಿ ಪ್ರವಚನ ಕೇಳಿ ಬಂದ ಮೇಲೆ ತೆಗೆಯುವುದು.

ನಾನು ಬಿದ್ದದ್ದು ಅಂಥ ಒಂದು ಏಕಾದಶಿ. ಅವರು ಮಠಕ್ಕೆ ಹೋಗಿದ್ದರು. ಅತ್ತೆಗೆ ಹಾಲು ಕಾಯಿಸಲು ಅಡಿಗೆಮನೆಯಲ್ಲಿ ನಿಂತಿದ್ದೆ. ಗೋಡೆಯ ಆಚೆ ಉಗ್ರಾಣದಲ್ಲಿ ಬೆಕ್ಕು ಬಾಗಿಲು ಪರಚುತ್ತ ಚೀರುತ್ತಿತ್ತು. ಅದರ ಚೀರಾಟದ ಅರ್ಥ ನನಗೆ ಗೊತ್ತಿತ್ತು. ಈ ಹಾಲೊಂದು ಕೊಟ್ಟು ಕೂತುಬಿಡೋಣ ಎಂದುಕೊಂಡದ್ದು ನೆನಪಿದೆ. ಒಲೆ ಆರಿಸಿ ಪಾತ್ರೆ ಇಳಿಸುವಾಗ ಕೈಯಲ್ಲಿ ಬಲ ಇರಲಿಲ್ಲ. ಪಾತ್ರೆ ನೆಲಕ್ಕೆ ಬಿದ್ದ ಸದ್ದು ಕೇಳಿತು, ನಾನು ಬಿದ್ದದ್ದು ಗೊತ್ತಾಗಲಿಲ್ಲ.

ಪೂರ್ತಿ ಎಚ್ಚರ ತಪ್ಪಿರಲಿಲ್ಲ. ಮಾತು ಹೊರಡುತ್ತಿರಲಿಲ್ಲ, ಆದರೆ ಕೇಳುತ್ತಿತ್ತು. ಮಂಚದ ಮೇಲಿಂದ ಅತ್ತೆ ಕೂಗಿದರು: "ಏ, ಬೆಕ್ಕು ಹಾಲು ಚೆಲ್ಲಿತೇನ? ಚಿಲಕ ಹಾಕಿಲ್ಲೇನ ಅದಕ್ಕ? ಎಷ್ಟ್ ಹಾಲು ಉಳದದ ನೋಡು!"

ಪಕ್ಕದ ಮನೆಯವರು ಅಕ್ಕಿ ಗಿರಣಿಯವರು, ಶಿವಭಕ್ತರು. ಆ ಮನೆಯಾಕೆ ನನಗಿಂತ ಸ್ವಲ್ಪ ಚಿಕ್ಕವಳು. ಅವಳ ಗಂಡನಿಗೂ ಸಕ್ಕರೆ ಕಾಯಿಲೆ ಇದೆ. ಬೆಕ್ಕಿನ ಚೀರಾಟ ತಾಳಲಾರದೆ ಅವಳು ಬಾಗಿಲಿಗೆ ಬಂದಳು. "ಅಮ್ಮಾರ, ಬೆಕ್ಕು ಯಾಕ ಹಂಗ ಬಡಕೊಳ್ಳಾಕತ್ತದ? ಅಕ್ಕಾರು ಎಲ್ಲ್ಯದಾರ?" ಎನ್ನುತ್ತಲೇ ಒಳಗೆ ಬಂದವಳು ನನ್ನನ್ನು ನೋಡಿದಳು. ತಲೆ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು, ಹಣೆ ಮುಟ್ಟಿದಳು.

"ಅಯ್ಯ ಶಿವನ, ನೀರಾಗ ಅದ್ದಿದಂಗ ಬೆವತಾರ. ಸಕ್ಕರಿ ಇಳದದ್ರಿ ಇವರಿಗೆ. ಅಮ್ಮಾರ, ಸಕ್ಕರಿ ಡಬ್ಬಿ ಎಲ್ಲದ?"

ಅತ್ತೆ ಗೋಡೆ ಹಿಡಿದುಕೊಂಡು ಅಡಿಗೆಮನೆಯ ಹೊಸ್ತಿಲಿಗೆ ಬಂದಿದ್ದರು. ಅವರು ಹೇಳಿದ ಮಾತು ನನ್ನ ಕಿವಿಯಲ್ಲಿ ಈಗಲೂ ಇದೆ.

"ಇವತ್ತ ಏಕಾದಶಿ ಅದವಾ. ಬಾಯಾಗ ಏನೂ ಹಾಕಬ್ಯಾಡ. ಬೇಕಾದ್ರ ನೀರು ಹಾಕು."

"ಏಕಾದಶಿ ನನಗಿಲ್ರಿ ಅಮ್ಮಾರ," ಎಂದಳು ಅವಳು. "ಪಾಪ ಬಂದ್ರ ನನಗ ಬರ್ಲಿ, ನಮ್ಮ ಮನ್ಯಾಗ ಇಟ್ಗೋತೀನಿ. ಮೊದಲ ಡಬ್ಬಿ ತೋರಿಸ್ರಿ." ತೋರಿಸುವ ತನಕ ಕಾಯಲೂ ಇಲ್ಲ. ತಾನೇ ಕಪಾಟು ತಡಕಿ, ಡಬ್ಬಿ ಹುಡುಕಿ, ಸಕ್ಕರೆಯನ್ನು ಬೆರಳಿನಿಂದ ನನ್ನ ಒಸಡಿಗೆ ತಿಕ್ಕಿದಳು, ಬಟ್ಟೆಯಿಂದ ತುಟಿ ಒರೆಸಿ ಮತ್ತೆ ತಿಕ್ಕಿದಳು. ನುಂಗಲು ಬಂದ ಮೇಲೆ ಪಾನಕ ಮಾಡಿ ಗುಟುಕು ಗುಟುಕಾಗಿ ಕುಡಿಸಿದಳು. ಆ ಸಿಹಿಯನ್ನು ನಾನು ಮರೆತಿಲ್ಲ. ಹೊಸ್ತಿಲಿನ ಮಾತನ್ನೂ ಮರೆತಿಲ್ಲ.

ಅವಳ ಗಂಡನ ಕಾರಿನಲ್ಲಿ ದವಾಖಾನೆಗೆ ಒಯ್ದರು. ಮಠದಿಂದ ನೇರ ಅಲ್ಲಿಗೇ ಬಂದ ನನ್ನ ಗಂಡನನ್ನು ಡಾಕ್ಟರು ಕೇಳಿದರು: "ಗುಳಿಗಿ ತಗೊಂಡು ಇಡೀ ದಿನ ಉಪವಾಸ ಇದ್ರಾ? ಯಾರು ಹೇಳಿದ್ರು ಹಿಂಗ ಮಾಡಂತ? ಜೀವ ಹೋಗ್ತಿತ್ತಲ್ರಿ."

"ನನಗ ಗೊತ್ತೇ ಇಲ್ರಿ ಡಾಕ್ಟ್ರ," ಎಂದರು ನನ್ನ ಗಂಡ. "ಇಕಿ ಬಾಯಿಬಿಟ್ಟು ಏನೂ ಹೇಳೂದೇ ಇಲ್ಲ."

ನನ್ನ ಕೈಯಲ್ಲಿ ಸೂಜಿ ಇತ್ತು. ಮುಖ ಆಚೆ ತಿರುಗಿಸಿದೆ.

ಮನೆಗೆ ಬಂದ ಮೇಲೆ ಬೆಕ್ಕಿನ ಭಾಗ್ಯ ತೆರೆಯಿತು. ಮಾನ್ವಿಯಿಂದ ಭಾವ ಬಂದರು. ಅವರ ಹೆಂಡತಿ ಬಂದರು. ಬಂದವರೆಲ್ಲ "ಎಲ್ಲದ ಆ ಬೆಕ್ಕು?" ಎಂದು ಕೇಳಿದರು. ನಾನು ಎದುರಿಗೇ ಮಲಗಿದ್ದೆ. ಭಾವ ಅದನ್ನು ತೊಡೆಯ ಮೇಲೆ ಕೂಡಿಸಿಕೊಂಡು, "ಇದು ಹಿಂದಿನ ಜನ್ಮದ ಋಣ," ಎಂದರು. ಅತ್ತೆಯವರ ಲೆಕ್ಕ ಬೇರೆ. "ನನಗ ಬರಬೇಕಾದ ಗಂಡಾಂತರ ಅದು," ಎಂದು ಬಂದವರಿಗೆಲ್ಲ ಹೇಳಿದರು. "ಬೆಕ್ಕು ನನ್ನ ನೋಡೇ ಅತ್ತಿತ್ತು. ಸೊಸಿ ಮ್ಯಾಲೆ ಹೋತು." ಬೆಕ್ಕಿಗೆ ಕೆನೆ ಹಾಲು ಹಾಕಲು ಹೇಳಿದರು. ಕೊರಳಿಗೆ ಒಂದು ಗೆಜ್ಜೆ ಬಂತು. ಎಷ್ಟೋ ಸಲ ನಾನು ಕನ್ನಡದಲ್ಲಿಯೇ, ಬಿಡಿಸಿ ಬಿಡಿಸಿ ಹೇಳಿದ ಮಾತು ಈ ಮನೆಗೆ ತಿಳಿದಿರಲಿಲ್ಲ. ಬೆಕ್ಕು ಹೇಳಿದ ಮೇಲೆ ತಿಳಿಯಿತು. ಅದೂ ಪೂರ್ತಿ ತಿಳಿಯಿತೇ ಎಂದರೆ, ಇಲ್ಲ.

ಪಕ್ಕದ ಮನೆಯಾಕೆ ನೋಡಲು ಬಂದಾಗ ಅತ್ತೆ ಅವಲಕ್ಕಿ ತಿನ್ನುತ್ತ ಕೂತಿದ್ದರು. ಮಾತಿನ ನಡುವೆ ಅವಳು ಕೇಳಿದಳು: "ಅಲ್ರಿ ಅಮ್ಮಾರ, ಏಕಾದಶಿಗೆ ಅನ್ನ ಬರಂಗಿಲ್ಲ, ಅವಲಕ್ಕಿ ಹೆಂಗ ಬರ್ತದ? ಅದೂ ಭತ್ತದಿಂದನ ಮಾಡ್ತಾರಲ್ರಿ. ಗಿಡದಾಗ ಕಾಯಿ ಬಿಟ್ಟಂಗ ಬಿಡ್ತದೇನು?"

"ನಿಮಗ ಅದೆಲ್ಲ ತಿಳಿಯೂದಿಲ್ಲ ಬಿಡವಾ," ಎಂದರು ಅತ್ತೆ.

"ತಿಳಿಯೂದಿಲ್ರಿ, ಖರೇ. ನಮ್ಮದು ಬರೀ ಭತ್ತದ ಧಂದೆ," ಎಂದು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದಳು. ಬಹಳ ದಿನಗಳ ಮೇಲೆ ನನಗೆ ನಗು ಬಂದದ್ದು ಆವಾಗ.

ನಿನ್ನೆ ದಶಮಿ. ಸಂಜೆ ಅತ್ತೆ ನನ್ನನ್ನೂ ಗಂಡನನ್ನೂ ಮಂಚದ ಹತ್ತಿರ ಕರೆದರು. ಉಪವಾಸ ಬಿಡು ಎನ್ನುತ್ತಾರೆಂದೇ ನಾನು ತಿಳಿದೆ.

"ನಾಳಿ ಏಕಾದಶಿ," ಎಂದರು. "ಈಗ ಹೆದರಿಕಿ ಇಲ್ಲ. ಬೆಕ್ಕಿಗೆ ಎಲ್ಲಾ ತಿಳೀತದ. ಅದನ್ನ ಉಗ್ರಾಣದಾಗ ಹಾಕಬ್ಯಾಡ್ರಿ, ಇಕಿ ಹಿಂದ ಬಿಡ್ರಿ. ನಿಶ್ಚಿಂತಿಯಿಂದ ಉಪವಾಸ ಮಾಡ್ಲಿ. ಅದು ಒದರಿದ್ರ ಒಂದೀಟು ಸಕ್ಕರಿ ಬಾಯಿಗೆ ಹಾಕ್ಕೊಳ್ಲಿ. ಒದರಲಿಲ್ಲಂದ್ರ ವ್ರತ ಪೂರ್ತಿ ಆಗ್ತದ."

ಗಂಡ ತಲೆದೂಗಿದರು. "ಛಲೋ ಆತು. ನಾನೂ ಪ್ರವಚನಕ್ಕ ಹೋಗೂದಿಲ್ಲ. ಬೆಕ್ಕಿನ ಮ್ಯಾಲೆ ಕಣ್ಣಿಟ್ಟಿರ್ತೀನಿ."

ಬೆಕ್ಕಿನ ಮೇಲೆ. ನಾನು ಹೇಳುವುದು ಮುಗಿದಿತ್ತು.

ಇವತ್ತು ಬೆಳಿಗ್ಗೆ ಅವರಿಬ್ಬರಿಗೂ ಗೊತ್ತಾಗುವ ಹಾಗೆ ಉಪ್ಪಿಟ್ಟು ಮಾಡಿ ತಿಂದು ಗುಳಿಗೆ ತೆಗೆದುಕೊಂಡೆ. ಅತ್ತೆ ಮುಖ ತಿರುಗಿಸಿದರು. ಮಧ್ಯಾಹ್ನವೂ ಉಳಿದ ಉಪ್ಪಿಟ್ಟೇ ತಿಂದೆ. ಅಷ್ಟರ ಮಟ್ಟಿಗೆ ಅದು ಫಲಾಹಾರ, ಯಾರೂ ಬಾಯಿ ಬಿಡಲಿಲ್ಲ. ಸಂಜೆ ದೀಪ ಹಚ್ಚಿ, ಅತ್ತೆಯವರ ಕಾಲಿಗೆ ಎಣ್ಣೆ ತಿಕ್ಕಿ, ಕೈ ತೊಳೆದುಕೊಂಡು, ನೆನೆದ ಅಕ್ಕಿಯನ್ನು ಒಲೆಯ ಮೇಲೆ ಇಟ್ಟೆ. ಕುದಿಯುವ ವಾಸನೆ ಪಡಸಾಲೆಗೆ ಹೋಯಿತು. ಮಂಚ ಕಿರುಗುಟ್ಟಿತು. ಆಮೇಲೆ ಗಂಡ ಅಡಿಗೆಮನೆಯ ಹೊಸ್ತಿಲಿಗೆ ಬಂದು ನಿಂತರು. ನಾನು ತಾಟಿಗೆ ಅನ್ನ ಬಡಿಸಿಕೊಳ್ಳುತ್ತಿದ್ದೆ.

ನನ್ನನ್ನು ನೋಡಿದರು. ಬೆಕ್ಕನ್ನು ನೋಡಿದರು. ಅದು ಮೂಲೆಯಲ್ಲಿ ಕೂತು ಮುಖ ತೊಳೆದುಕೊಳ್ಳುತ್ತಿತ್ತು.

"ಬೆಕ್ಕು ಇನ್ನೂ ಒದರೇ ಇಲ್ಲಲ್ಲ," ಎಂದರು. "ಯಾಕ ಉಣಲಿಕ್ಕತ್ತಿ?"

"ಹಸಿವ್ಯಾಗ್ಯದ್ರಿ," ಎಂದೆ.

ಅವರು ಮತ್ತೊಮ್ಮೆ ಬೆಕ್ಕಿನ ಕಡೆ ನೋಡಿದರು. ಬೆಕ್ಕು ಏನಾದರೂ ಹೇಳೀತೆಂದು ಕಾದರೋ ಏನೋ. ಆಮೇಲೆ ಪಡಸಾಲೆಗೆ ಹೋದರು. ಅಲ್ಲಿ ತಾಯಿ ಮಗ ಮೆಲ್ಲಗೆ ಮಾತಾಡಿದ್ದು ಕೇಳಿತು, ಏನೆಂದು ತಿಳಿಯಲಿಲ್ಲ. ಅತ್ತೆ ನನ್ನ ಕೂಡ ಮಾತು ಬಿಟ್ಟಿದ್ದಾರೆ. ಎಷ್ಟು ದಿನವೋ ಗೊತ್ತಿಲ್ಲ.

ಅತ್ತೆ ಉಂಡದ್ದು ಅವಲಕ್ಕಿ ಮೊಸರು, ಒಂದು ಲೋಟ ಹಾಲು. ಗಂಡ ಬಾಳೆಹಣ್ಣು, ಹಾಲು. ನಾನು ಅನ್ನ, ತೊವ್ವೆ, ಕೊನೆಗೆ ಮಜ್ಜಿಗೆ, ಜೊತೆಗೆ ಒಂದು ಹೋಳು ಮಾವಿನಕಾಯಿ ಉಪ್ಪಿನಕಾಯಿ. ಬೆಕ್ಕಿಗೆ ಹಾಲನ್ನ, ಏಕಾದಶಿಯ ದಿನ ಅದಕ್ಕೂ ಇದೇ ಮೊದಲು. ನಾನು ತಾಟು ತೊಳೆದು ಬರುವಷ್ಟರಲ್ಲಿ ಬೆಕ್ಕು ಹೊಸ್ತಿಲಿನ ಮೇಲೆ ಸುರುಳಿಯಾಗಿ ಮಲಗಿತ್ತು. ಎಲ್ಲರಿಗಿಂತ ಮೊದಲು ನಿದ್ದೆ ಹತ್ತಿದ್ದು ಅದಕ್ಕೆ.